ಲೆಕ್ಕ ಬರೆಯೋಕೆ ಬೇಕು, ಸಹಿ ಹಾಕೋಕೆ ಬೇಡವೇ?

ನಮ್ಮ ಕಥೋಲಿಕ ಇಗರ್ಜಿಯ (ಚರ್ಚಿನ) ಪಾಲನಾ ಮಂಡಳಿಯ ಉಪಾಧ್ಯಕ್ಷ ಸ್ಥಾನಕ್ಕೆ ಈ ಸಲ ಒಬ್ಬ ಹೆಂಗಸಿನ ಹೆಸರು ಬಂತು. ಬಂದಷ್ಟೇ ಬೇಗ ಹೋಯಿತು. "ಬಾಯೀ, ನಮ್ದೇನೂ ಅಡ್ಡಿಯಿಲ್ಲ, ರೋಮಿನವರೇ ಒಪ್ಪೂದಿಲ್ಲ ಅಂದ್ಮೇಲೆ ನಾವೇನ್ ಮಾಡೂದು?" ಅಂದರು ಹಿರಿಯರೊಬ್ಬರು. ಸುತ್ತ ಕೂತವರೆಲ್ಲ ತಲೆಯಾಡಿಸಿದರು, ಹೆಂಗಸರೂ. ಊರಿನ ಹೆಸರು ಹಾಕುವುದಿಲ್ಲ. ಹೊನ್ನಾವರದಿಂದ ಕಾರವಾರದವರೆಗೆ ಈ ಮಾತು ಕೇಳಿದವರು ನಾನೊಬ್ಬಳೇ ಇರಲಾರೆ.

ಆ ಮಾತು ನಿಜವಲ್ಲ. ಕಥೋಲಿಕ ಸಭೆಯಲ್ಲಿ ಹೆಂಗಸರಿಗೆ ಇಲ್ಲದಿರುವುದು ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ. ಅದು ಗಂಡಸರಿಗೆ ಮಾತ್ರ ಎಂದು 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಖಂಡಿತವಾಗಿ ಬರೆದರು. ಆದರೆ ಪಾಲನಾ ಮಂಡಳಿಯಲ್ಲಿ ಕೂರಲು ಯಾರಿಗೆ ಗುರುದೀಕ್ಷೆ ಬೇಕು? ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ನಮ್ಮಂಥ ಪ್ರತಿ ಇಗರ್ಜಿಯಲ್ಲೂ, ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ ಸಭೆಯ 1983ರ ಕಾನೂನು. ಅದರ ಸದಸ್ಯರು ಗಂಡಸರೇ ಆಗಿರಬೇಕು ಎಂಬ ಮಾತು ಅದರಲ್ಲಿಲ್ಲ.

ರೋಮಿನಲ್ಲೇ ಏನಾಗಿದೆ ನೋಡಿ. 2023ರ ಅಕ್ಟೋಬರ್‌ನ ಸಿನೊಡ್‌ನಲ್ಲಿ, ಅಂದರೆ ಜಗತ್ತಿನ ಬಿಷಪರ ಮಹಾಸಭೆಯಲ್ಲಿ, ಹೆಂಗಸರು ಬಿಷಪರ ಸಾಲಿನಲ್ಲೇ ಕೂತು ಮತ ಹಾಕಿದರು. ಮುಂದಾಳುತನದಿಂದ ಹೆಂಗಸರನ್ನು ತಡೆಯಲು ಯಾವ ಕಾರಣವೂ ಇಲ್ಲ ಎಂದು ಅದೇ ಸಿನೊಡ್‌ನ 2024ರ ಅಂತಿಮ ದಾಖಲೆ ಹೇಳಿತು. 2025ರ ಜನವರಿಯಲ್ಲಿ ಜಗತ್ತಿನ ಸನ್ಯಾಸಿ ಸಂಘಗಳನ್ನೆಲ್ಲ ನೋಡಿಕೊಳ್ಳುವ ಇಲಾಖೆಗೆ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಮುಖ್ಯಸ್ಥರಾದರು. ಮಾರ್ಚ್‌ನಲ್ಲಿ ವ್ಯಾಟಿಕನ್ ನಗರದ ಆಡಳಿತವೇ ಸಿಸ್ಟರ್ ರಫಾಯೆಲ್ಲಾ ಪೆಟ್ರೀನಿ ಅವರ ಕೈಗೆ ಬಂತು. ವ್ಯಾಟಿಕನ್ನಿಗೆ ಆಗುವ ಹೆಂಗಸು ನಮ್ಮ ಕೇರಿಯ ಇಗರ್ಜಿಗೆ ಆಗುವುದಿಲ್ಲವೇ?

ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಪೀಠದ ಹಿಂದಿನ ಕೋಣೆಗೆ ಬನ್ನಿ. ಕಾಣಿಕೆ ಚೀಲ ಮೇಜಿನ ಮೇಲೆ ಸುರಿದಿರುತ್ತದೆ. ಮಾರ್ಕೆಟ್‌ನಿಂದ ನೇರ ಪೂಜೆಗೆ ಬಂದವರು ಹಾಕಿದ ಹತ್ತರ ನೋಟು ಇನ್ನೂ ಒದ್ದೆ, ಬಂಗಡೆಯ ವಾಸನೆ. ಅದನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಒತ್ತಿ ಒಣಗಿಸಿ, ನಾಣ್ಯಗಳನ್ನು ಬೇರೆ ಮಾಡಿ, ಪುಸ್ತಕಕ್ಕೆ ಬರೆದು ಒಟ್ಟು ಹಾಕುವವರು ಹೆಂಗಸರು. ಒಂದು ರೂಪಾಯಿ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಆಮೇಲೆ ಒಬ್ಬರು ಗಂಡಸು ಬಂದು ಸಹಿ ಹಾಕುತ್ತಾರೆ. ಇಗರ್ಜಿಯ ಮಾಡಿಗೆ ಶೀಟು ಹಾಕಿಸಬೇಕೋ, ಸ್ಮಶಾನದ ಕಂಪೌಂಡ್ ಕಟ್ಟಿಸಬೇಕೋ ಎಂಬ ಚರ್ಚೆಯಲ್ಲಿ ಎಣಿಸಿದವರು ಇರುವುದಿಲ್ಲ. ಫೆಸ್ತಿನ (ಇಗರ್ಜಿಯ ಹಬ್ಬದ) ಅಡುಗೆ ಸಮಿತಿಗೆ ಮಾತ್ರ ತಪ್ಪದೆ ಕರೆ ಬರುತ್ತದೆ. ಇದರಿಂದ ನನಗೆ ನೋವಾಗುತ್ತದೆ, ಸಿಟ್ಟೂ ಬರುತ್ತದೆ.

"ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕು" ಎಂಬ, ಬೈಬಲ್ಲಿನಲ್ಲಿರುವ ಸಂತ ಪೌಲರ ಮಾತನ್ನು ಕೆಲವರು ಎದುರಿಗೆ ಹಿಡಿಯುತ್ತಾರೆ. ಕೊರಿಂಥದವರಿಗೆ ಬರೆದ ಅದೇ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ (ದೇವರ ಮಾತು ನುಡಿಯುವಾಗ) ತಲೆಗೆ ಮುಸುಕು ಹಾಕಿಕೊಳ್ಳಲಿ ಎಂದಿದ್ದಾರೆ. ಬಾಯಿ ತೆರೆಯದೆ ಪ್ರವಾದಿಸುವುದು ಹೇಗೆ? ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಅವರು ಮೊದಲು ಎತ್ತುವ ಹೆಸರೇ ಕೆಂಖ್ರೆಯ ಸಭೆಯ ಸೇವೆಯಲ್ಲಿದ್ದ ಫೊಯಿಬೆಯದು. ಆಕೆಗೆ ಬೇಕಾದ ನೆರವು ಕೊಡಿ, ಆಕೆ ನನಗೂ ಅನೇಕರಿಗೂ ನೆರವಾದವಳು ಎನ್ನುತ್ತಾರೆ. ಒಂದು ವಾಕ್ಯ ಹಿಡಿದು ಇಡೀ ಪೌಲರನ್ನು ಬಿಡಬಾರದು.

ಹೆಂಗಸರಿಗೆ ಆಡಳಿತ ಬರುವುದಿಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1999ರಲ್ಲಿ ನಮ್ಮದೇ ಉತ್ತರ ಕನ್ನಡ ಜಿಲ್ಲೆ ಮಾರ್ಗರೆಟ್ ಆಳ್ವ ಅವರನ್ನು ಲೋಕಸಭೆಗೆ ಕಳಿಸಿತು, ಮುಂದೆ ಅವರು ರಾಜ್ಯಪಾಲರೂ ಆದರು. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರದು. ಗಂಡ ಬೋಟಿನಲ್ಲೋ ಗಲ್ಫಿನಲ್ಲೋ ಇರುವ ಮನೆಗಳನ್ನು ಯಾರು ನಡೆಸುತ್ತಿದ್ದಾರೆ?

ಪ್ರೊಟೆಸ್ಟಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು 2013ರಲ್ಲೇ ನಂದ್ಯಾಲದಲ್ಲಿ ಪುಷ್ಪ ಲಲಿತಾ ಅವರನ್ನು ಬಿಷಪ್ ಮಾಡಿದರು. ನಮ್ಮ ದಾರಿ ಬೇರೆ, ಗೊತ್ತು. ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ಸೇವೆಯಾದರೂ ನಮ್ಮಲ್ಲಿ ಹೆಂಗಸರಿಗೆ ಸಿಗಲಿ ಎಂಬುದು ನನ್ನ ಆಸೆ, 2024ರ ದಾಖಲೆ ಆ ಪ್ರಶ್ನೆಯನ್ನು ಮುಚ್ಚಿಲ್ಲ. ಆದರೆ ಇವತ್ತು ನಾನು ಕೇಳುತ್ತಿರುವುದು ಅದಲ್ಲ. ಸಭೆ ಆಗಲೇ ಕೊಟ್ಟಿರುವುದನ್ನು ನಾವು ತಡೆಯಬಾರದು, ಅಷ್ಟೇ.

ಮಂಡಳಿಯ ಮುಂದಿನ ಸಭೆಯಲ್ಲಿ ಅದೇ ಹೆಸರನ್ನು ನಾನು ಮತ್ತೆ ಸೂಚಿಸುತ್ತೇನೆ. ಸ್ವಸಹಾಯ ಸಂಘದ ಸಾಲ, ಉಳಿತಾಯ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ವರ್ಷಗಟ್ಟಲೆ ನೋಡಿಕೊಂಡವರು ಅವರು. ಬೇಡ ಎನ್ನುವವರು ಅವರ ಕೆಲಸದಲ್ಲಿ ಕಂಡ ಕೊರತೆ ಏನೆಂದು ಫಾದರ್ ಎದುರಿಗೇ ಹೇಳಲಿ. ಉತ್ತರ ಕೊಡಲು ನಾನೂ ಅಲ್ಲೇ ಇರುತ್ತೇನೆ.