ಯುರೋಪಿನ ಎಂಜಿನ್‌ನವರು ನ್ಯಾಸ್ಕಾರ್‌ಗೆ ಮುಂಬಾಗಿಲಿನಿಂದ ಬರಲಿ

ಮೊನ್ನೆ ಅಕ್ಕನ ಮಗ ಮನೆಗೆ ಬಂದಿದ್ದ. ಮೆಕ್ಯಾನಿಕಲ್ ಎಂಜಿನಿಯರಿಂಗ್, ಎರಡನೇ ವರ್ಷ. ಫಾರ್ಮುಲಾ ಒನ್ ಅಂದರೆ ಊಟ ಬಿಟ್ಟು ಕೂರುವ ಹುಡುಗ. ರಾತ್ರಿ ಒಂದೂವರೆಗೆ ಎದ್ದು ನಾನು ನ್ಯಾಸ್ಕಾರ್ ಹಾಕಿಕೊಂಡಿದ್ದೆ. ಅವನೂ ಕಣ್ಣುಜ್ಜಿಕೊಂಡು ಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ನೋಡಿ ಕೇಳಿದ, "ಮಾವ, ಇದರಲ್ಲಿ ಫೆರಾರಿ, ಮರ್ಸಿಡಿಸ್ ಯಾಕಿಲ್ಲ? ಅವರ ಎಂಜಿನ್ ಬಂದರೆ ಇವರೆಲ್ಲ ಮೂರು ದಿನಾನೂ ನಿಲ್ಲಲ್ಲ, ಅಲ್ವಾ?"

ಮೊದಲನೇ ಪ್ರಶ್ನೆ ನನ್ನನ್ನೂ ವರ್ಷಗಳಿಂದ ಕಾಡಿದೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಅವತ್ತು ನಿದ್ದೆಗಣ್ಣಲ್ಲಿ ಹೇಳಿದ್ದು ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನ್ಯಾಸ್ಕಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಸ್ಟಾಕ್ ಕಾರ್ ರೇಸ್‌ಗಳನ್ನು ನಡೆಸುವ ಸಂಸ್ಥೆ ಅದು. 1948ರಲ್ಲಿ ಫ್ಲಾರಿಡಾದ ಡೇಟೋನಾದಲ್ಲಿ ಬಿಲ್ ಫ್ರಾನ್ಸ್ ಶುರು ಮಾಡಿದರು. ಸ್ಟಾಕ್ ಅಂದರೆ ಶೋರೂಮಿನಿಂದ ತಂದ ಹಾಗೆಯೇ ಇರುವ ಕಾರು. ಈಗ ಹಾಗೇನಿಲ್ಲ, ಹೊರಗಿನ ಆಕಾರ ಮಾತ್ರ ರಸ್ತೆಯ ಕಾರಿನದು. ಆದರೆ ಬಾನೆಟ್ ಎತ್ತಿದರೆ ಹಳೇ ಕಾಲ ಇನ್ನೂ ಜೀವಂತವಾಗಿದೆ. ಸುಮಾರು 5,860 ಸಿಸಿಯ ವಿ8, ಅಂದರೆ ವಿ ಆಕಾರದಲ್ಲಿ ಜೋಡಿಸಿದ ಎಂಟು ಸಿಲಿಂಡರ್. ವಾಲ್ವುಗಳನ್ನು ತೆರೆಸುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಒಂದೇ. ಅದೂ ಕೆಳಗೆ ಬ್ಲಾಕಿನೊಳಗೆ. ಅಲ್ಲಿಂದ ಮೇಲಿನ ವಾಲ್ವುಗಳನ್ನು ಆಡಿಸುವುದು ಪುಶ್‌ರಾಡ್ ಅನ್ನುವ ಉದ್ದನೆಯ ಕಡ್ಡಿ.

ಹಳೇ ಬುಲೆಟ್ ಇಟ್ಟುಕೊಂಡವರಿಗೆ ಪುಶ್‌ರಾಡ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅರಸೀಕೆರೆಯಲ್ಲಿ ನಮ್ಮ ದೊಡ್ಡಪ್ಪನ ಗ್ಯಾರೇಜ್ ಇತ್ತು. ಬೇಸಿಗೆ ರಜೆಯಲ್ಲಿ ಸ್ಪ್ಯಾನರ್ ಒರೆಸಿ ಜೋಡಿಸುವುದು ನನ್ನ ಕೆಲಸ. ಕಾಸ್ಟ್ ಐರನ್ ಬುಲೆಟ್‌ನ ಟ್ಯಾಪೆಟ್ ಸೆಟ್ ಮಾಡುವಾಗ ದೊಡ್ಡಪ್ಪ ಗೇಜ್ ಮುಟ್ಟುತ್ತಿರಲಿಲ್ಲ. ಎಂಜಿನ್ ತಣ್ಣಗಿರಬೇಕು. ಕಂಪ್ರೆಷನ್‌ನಲ್ಲಿ ಪಿಸ್ಟನ್ ಮೇಲೆ ತಂದು ನಿಲ್ಲಿಸಿ, ಪಕ್ಕದ ಮುಚ್ಚಳ ಬಿಚ್ಚಿ, ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದರು. ರಾಡು ಸಲೀಸಾಗಿ ತಿರುಗಬೇಕು. ಆದರೆ ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಡಬಾರದು. "ಕೈ ಇಡು, ಗೊತ್ತಾಗುತ್ತೆ" ಅಂತ ನನ್ನ ಬೆರಳನ್ನೂ ಇಡಿಸುತ್ತಿದ್ದರು.

ಈಗ ಅದನ್ನೇ ನಿಮಿಷಕ್ಕೆ 9,000 ಸುತ್ತು ತಿರುಗುವ ಎಂಜಿನ್‌ನಲ್ಲಿ ಊಹಿಸಿಕೊಳ್ಳಿ. ಕ್ಯಾಮ್ ತಿರುಗುವುದು ಅದರ ಅರ್ಧ, ಅಂದರೆ 4,500. ಒಂದೊಂದು ವಾಲ್ವೂ ಸೆಕೆಂಡಿಗೆ 75 ಸಲ ತೆರೆದು ಮುಚ್ಚಬೇಕು. ಪ್ರತಿ ಸಲವೂ ಕ್ಯಾಮ್ ಲಿಫ್ಟರನ್ನು ತಳ್ಳಬೇಕು, ಲಿಫ್ಟರ್ ರಾಡನ್ನು, ರಾಡು ರಾಕರನ್ನು, ರಾಕರ್ ವಾಲ್ವನ್ನು. ಆ ವೇಗದಲ್ಲಿ ಉಕ್ಕಿನ ರಾಡೂ ಬಾಗುತ್ತದೆ. ಸ್ಪ್ರಿಂಗ್ ನಡುಗುತ್ತದೆ. ನಾರ್ತ್ ಕ್ಯಾರೊಲೈನಾದ ಷಾರ್ಲಟ್ ಟ್ರ್ಯಾಕ್‌ನಲ್ಲಿ ಇದನ್ನು 600 ಮೈಲಿ ಓಡಿಸುತ್ತಾರೆ. ಇದನ್ನು ಹಳೇ ಎಂಜಿನ್ ಅಂತ ಯಾರಾದರೂ ತಾತ್ಸಾರ ಮಾಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಹಳೇ ವಿನ್ಯಾಸದಿಂದ ಇಷ್ಟು ಕೆಲಸ ತೆಗೆಯುವುದಕ್ಕೆ ಬೇರೆಯದೇ ವಿದ್ಯೆ ಬೇಕು.

ಯುರೋಪಿನವರು ಇಲ್ಲಿಗೆ ಬಂದೇ ಇಲ್ಲ ಅಂತಲ್ಲ. ಬಂದು ಗೆದ್ದೂ ಇದ್ದಾರೆ, ಒಂದೇ ಒಂದು ಸಲ. 1954ರ ಜೂನ್ 13, ನ್ಯೂಜರ್ಸಿಯ ಲಿಂಡನ್ ವಿಮಾನ ನಿಲ್ದಾಣ. ರನ್‌ವೇಗಳನ್ನೇ ಟ್ರ್ಯಾಕ್ ಮಾಡಿ ನ್ಯಾಸ್ಕಾರ್ ರೇಸ್ ಇಟ್ಟಿದ್ದರು. ಅವತ್ತು ಹೊರದೇಶದ ಕಾರುಗಳಿಗೂ ಅವಕಾಶ ಕೊಟ್ಟಿದ್ದರು. ಗೆದ್ದವರು ಅಲ್ ಕೆಲ್ಲರ್. ಕಾರು ಜಾಗ್ವಾರ್ ಎಕ್ಸ್‌ಕೆ120. ಆ ಕಾರಿನ ಮಾಲೀಕರು ಪಾಲ್ ವೈಟ್‌ಮನ್, ಆಗಿನ ಹೆಸರಾಂತ ಬ್ಯಾಂಡ್ ನಾಯಕ.

ಆ ಜಾಗ್ವಾರ್ ಎಂಜಿನ್ನಿನ ಕತೆ ನನಗೆ ತುಂಬಾ ಇಷ್ಟ. ಎರಡನೇ ಮಹಾಯುದ್ಧದ ಕಾಲ, ಜಾಗ್ವಾರ್ ಕಾರ್ಖಾನೆ ಇದ್ದ ಇಂಗ್ಲೆಂಡಿನ ಕವೆಂಟ್ರಿ ಮೇಲೆ ಬಾಂಬ್ ಬೀಳುತ್ತಿತ್ತು. ಕಾರ್ಖಾನೆಗೆ ಬೆಂಕಿ ಬಿದ್ದರೆ ಆರಿಸಲು ರಾತ್ರಿ ಪಾಳಿಯಲ್ಲಿ ಕಾವಲು ಕೂರಬೇಕಿತ್ತು. ಕಂಪನಿಯ ಯಜಮಾನ ವಿಲಿಯಂ ಲಯನ್ಸ್ ತಮ್ಮ ಎಂಜಿನಿಯರ್‌ಗಳಾದ ಹೇನ್ಸ್, ಹ್ಯಾಸನ್, ಬೇಲಿ ಅವರನ್ನು ಒಂದೇ ಪಾಳಿಗೆ ಹಾಕಿಕೊಂಡರು. ಯುದ್ಧ ಮುಗಿದ ಮೇಲೆ ಮಾಡಬೇಕಾದ ಎಂಜಿನ್ ಬಗ್ಗೆ ಮಾತು ನಡೆಯುತ್ತಿದ್ದದ್ದು ಆ ರಾತ್ರಿಗಳಲ್ಲೇ. ಹಾಗೆ ಹುಟ್ಟಿದ್ದು 3.4 ಲೀಟರಿನ ಆರು ಸಿಲಿಂಡರ್ ಎಂಜಿನ್. ಕ್ಯಾಮ್ ಎರಡು, ಎರಡೂ ಎಂಜಿನ್ನಿನ ತಲೆಯ ಮೇಲೆ, ವಾಲ್ವುಗಳ ಹತ್ತಿರವೇ. ಪುಶ್‌ರಾಡ್ ಇಲ್ಲವೇ ಇಲ್ಲ. ಅದು ಲಿಂಡನ್‌ನಲ್ಲಿ ಅಮೆರಿಕದ ದೊಡ್ಡ ದೊಡ್ಡ ಹಡ್ಸನ್, ಓಲ್ಡ್ಸ್‌ಮೊಬಿಲ್ ಕಾರುಗಳನ್ನು ಹಿಂದೆ ಹಾಕಿತು.

ಅಂದರೆ ಬಾಗಿಲು ಆಗ ತೆರೆದಿತ್ತು. ಮುಚ್ಚಿದ್ದು ಹತ್ತು ವರ್ಷದ ನಂತರ. ಅದೂ ಅಮೆರಿಕದವರ ಒಳಜಗಳದಲ್ಲಿ. ನ್ಯಾಸ್ಕಾರ್‌ನ ಅತಿ ದೊಡ್ಡ ರೇಸ್ ಡೇಟೋನಾ 500. 1964ರಲ್ಲಿ ಅದರಲ್ಲಿ ಕ್ರೈಸ್ಲರ್‌ನ 426 ಘನ ಇಂಚಿನ ಹೆಮಿ ಎಂಜಿನ್ ಮೊದಲ ಮೂರೂ ಸ್ಥಾನ ಬಾಚಿಕೊಂಡಿತು. ಗೆದ್ದವರು ರಿಚರ್ಡ್ ಪೆಟ್ಟಿ. ಅದಕ್ಕೆ ಉತ್ತರವಾಗಿ ಫೋರ್ಡ್ ತನ್ನ 427 ಘನ ಇಂಚಿನ ಎಂಜಿನ್‌ಗೆ ಕ್ಯಾಮ್‌ಗಳನ್ನು ತಲೆಯ ಮೇಲೆ ಕೂರಿಸಿ ತಂದಿತು. ಬಿಲ್ ಫ್ರಾನ್ಸ್ ಆಗಲ್ಲ ಅಂದುಬಿಟ್ಟರು. ಜನ ಅಂಗಡಿಯಲ್ಲಿ ಕೊಳ್ಳುವ ಕಾರಿನಿಂದ ರೇಸಿನ ಎಂಜಿನ್ ದೂರ ಹೋಗಬಾರದು ಅನ್ನುವುದು ಅವರ ಹಟ. ಕ್ಯಾಮ್ ಇವತ್ತಿಗೂ ಬ್ಲಾಕಿನೊಳಗೇ ಇದೆ. ಯುರೋಪಿನವರ ದೊಡ್ಡ ಜಾಣತನವೆಲ್ಲ ಇದ್ದದ್ದು ತಲೆಯ ಮೇಲಿನ ಕ್ಯಾಮ್‌ನಲ್ಲಿ. ಇಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನನ್ನ ಸೋದರಳಿಯನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇದು.

ಇನ್ನರ್ಧ ಮನಸ್ಸಿನದು. ಪುಶ್‌ರಾಡ್ ಕೊಟ್ಟರೆ ಯುರೋಪಿನವರ ಕೈಯಲ್ಲಿ ಆಗಲ್ಲ ಅಂತೇನಿಲ್ಲ. ಇಲ್‌ಮೋರ್ ಅನ್ನುವ ಎಂಜಿನ್ ಕಂಪನಿ ನೋಡಿ. ಮಾರಿಯೋ ಇಲಿಯನ್ ಸ್ವಿಟ್ಜರ್ಲೆಂಡಿನವರು. ಪಾಲ್ ಮಾರ್ಗನ್ ಇಂಗ್ಲೆಂಡಿನವರು. ಇಬ್ಬರೂ ರೇಸ್ ಎಂಜಿನ್ ಮಾಡುವ ಇಂಗ್ಲೆಂಡಿನ ಕಾಸ್ವರ್ತ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಮೆರಿಕದ ರೇಸ್ ತಂಡದ ಮಾಲೀಕ ರೋಜರ್ ಪೆನ್ಸ್ಕಿ ಬೆಂಬಲ ಕೊಟ್ಟರು. ಹೊರಗೆ ಬಂದು ತಮ್ಮಿಬ್ಬರ ಹೆಸರಿನ ಮೊದಲ ತುಣುಕು ಸೇರಿಸಿ ಕಂಪನಿ ಕಟ್ಟಿದರು. ಊರು ನಾರ್ತ್‌ಹ್ಯಾಂಪ್ಟನ್‌ಷೈರ್‌ನ ಬ್ರಿಕ್ಸ್‌ವರ್ತ್.

ಅಮೆರಿಕದ ಇನ್ನೊಂದು ದೊಡ್ಡ ರೇಸ್ ಇಂಡಿಯಾನಾಪೊಲಿಸ್ 500. ಅದರ ನಿಯಮದಲ್ಲಿ ಆಗ ಒಂದು ಸಾಲಿತ್ತು. ಪುಶ್‌ರಾಡ್ ಎಂಜಿನ್ ತಂದರೆ ದೊಡ್ಡ ಸೈಜು ಇರಬಹುದು, ಟರ್ಬೊ ಒತ್ತಡವೂ ಜಾಸ್ತಿ ಇಡಬಹುದು. ಅಮೆರಿಕದ ಸಣ್ಣ ಗ್ಯಾರೇಜಿನವರಿಗೆ ಅನುಕೂಲವಾಗಲಿ ಅಂತ ಮಾಡಿದ್ದು. ಆ ಸಾಲನ್ನು ಇಲಿಯನ್ ಮತ್ತು ಮಾರ್ಗನ್ ಬಿಟ್ಟೂಬಿಡದೆ ಓದಿದರು. ಯಾರಿಗೂ ಸುಳಿವು ಕೊಡದೆ ಬರೀ ಆ ಒಂದು ರೇಸಿಗಾಗಿ ಹೊಸ ಪುಶ್‌ರಾಡ್ ವಿ8 ಮಾಡಿದರು. ಪೆನ್ಸಿಲ್ವೇನಿಯಾದ ನ್ಯಾಜರೆತ್ ಟ್ರ್ಯಾಕ್‌ನಲ್ಲಿ ಚಳಿಗಾಲದಲ್ಲಿ ಹಿಮ ಬಳಿದು ಹಾಕಿ ಪರೀಕ್ಷೆ ಮಾಡಿದರು. ಮೇಲೆ ಮರ್ಸಿಡಿಸ್ ಹೆಸರು. 1994ರ ಮೇ ತಿಂಗಳಲ್ಲಿ ಸುಮಾರು 1,000 ಅಶ್ವಶಕ್ತಿಯ ಆ ಎಂಜಿನ್ ಮುಂದೆ ಯಾರೂ ನಿಲ್ಲಲಿಲ್ಲ. ಮುಂದಿದ್ದ ಎಮರ್ಸನ್ ಫಿಟ್ಟಿಪಾಲ್ಡಿ ಕೊನೆಯ ಹೊತ್ತಿಗೆ ಗೋಡೆಗೆ ಹೊಡೆದರು. ಅವರದೇ ತಂಡದ ಅಲ್ ಅನ್ಸರ್ ಜೂನಿಯರ್ ಗೆದ್ದರು. ಆಮೇಲೆ ನಿಯಮ ಬಿಗಿಯಾಯಿತು. ಆ ಎಂಜಿನ್ ಅಲ್ಲಿ ಮತ್ತೆ ಓಡಲಿಲ್ಲ.

ಅದು ಸ್ಟಾಕ್ ಕಾರ್ ರೇಸ್ ಅಲ್ಲ, ಒಪ್ಪುತ್ತೇನೆ. ಆದರೆ ಅದೇ ಇಲ್‌ಮೋರ್ ಆಮೇಲೆ ಸ್ಟಾಕ್ ಕಾರ್ ಒಳಕ್ಕೂ ಬಂತು. ಮೊದಲು ಕೆಳಗಿನ ಹಂತದ ಆರ್ಕಾ ಸರಣಿಗೆ. 2018ರಿಂದ ನ್ಯಾಸ್ಕಾರ್‌ನ ಪಿಕಪ್ ಟ್ರಕ್‌ಗಳ ಸರಣಿಗೆ. ಎಂಜಿನ್ ತಯಾರಾಗುವುದು ಮಿಷಿಗನ್‌ನ ಪ್ಲಿಮತ್‌ನಲ್ಲಿ. ಶೆವರ್ಲೆಯ ಎಲ್‌ಎಸ್ ವಿ8 ಅದಕ್ಕೆ ತಳಪಾಯ. ಸೀಲ್ ಹಾಕಿ ಕೊಡುತ್ತಾರೆ, ತಂಡದವರು ಬಿಚ್ಚುವ ಹಾಗಿಲ್ಲ. ಒಂದೇ ಎಂಜಿನ್ ಹಲವು ರೇಸಿಗೆ ಬಾಳುತ್ತದೆ. ಸಣ್ಣ ತಂಡಗಳಿಗೆ ದೊಡ್ಡ ಖರ್ಚು ಉಳಿಯಿತು.

ನನ್ನ ತಕರಾರು ಇಲ್ಲಿಂದ ಶುರು. ಒಂದು ಟ್ರಕ್ಕಿನ ಮುಖದ ಮೇಲೆ ಫೋರ್ಡ್ ಅಂತ ಬರೆದಿರುತ್ತದೆ, ಪಕ್ಕದ್ದರಲ್ಲಿ ಟೊಯೋಟ ಅಂತ. ಬಾನೆಟ್ ಕೆಳಗೆ ಬಹುತೇಕ ಎಲ್ಲರದೂ ಇಲ್‌ಮೋರ್. ಈ ಸರಣಿಗೆ 2026ಕ್ಕೆ ಮರಳುವುದಾಗಿ ಅಮೆರಿಕದ ಪಿಕಪ್ ಬ್ರ್ಯಾಂಡ್ ರಾಮ್ 2025ರಲ್ಲಿ ಹೇಳಿತು. ರಾಮ್ ಈಗ ಸ್ಟೆಲಾಂಟಿಸ್‌ನದು, ಅದರ ಮುಖ್ಯ ಕಚೇರಿ ನೆದರ್‌ಲೆಂಡ್ಸ್‌ನಲ್ಲಿ. ಅದಕ್ಕೂ ಇದೇ ಎಂಜಿನ್. ಖರ್ಚಿನ ಕಷ್ಟ ನನಗೆ ಅರ್ಥವಾಗುತ್ತದೆ. ಟ್ರಕ್ ಸರಣಿ ಉಳಿಯಬೇಕಾದರೆ ಇದು ಬೇಕಿತ್ತೇನೋ. ಆದರೆ ಮೇಲಿನ ಕಪ್ ಸರಣಿಗೆ ಈ ಪದ್ಧತಿ ಬರಬಾರದು. ಅಲ್ಲಿ ಇವತ್ತಿಗೂ ಶೆವರ್ಲೆ ಕಡೆಯ ಹೆಂಡ್ರಿಕ್, ಫೋರ್ಡ್ ಕಡೆಯ ರೌಶ್ ಯೇಟ್ಸ್, ಟೊಯೋಟದವರು ಬೇರೆ ಬೇರೆ ಎಂಜಿನ್ ಕಟ್ಟುತ್ತಾರೆ. ಆ ಪೈಪೋಟಿ ಹೋದರೆ ನಾನು ರಾತ್ರಿ ಎದ್ದು ನೋಡುವುದಾದರೂ ಏನನ್ನು?

ಕಪ್ ಸರಣಿಯಲ್ಲಿ ಯುರೋಪ್ ಈಗಾಗಲೇ ತುಂಬಿಕೊಂಡಿದೆ, ಹಿಂಬಾಗಿಲಿನಿಂದ. 2012ರಲ್ಲಿ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಾಗ ಅದನ್ನು ನಡೆಸುವ ಕಂಪ್ಯೂಟರ್ ಇಂಗ್ಲೆಂಡಿನ ಮೆಕ್ಲಾರೆನ್‌ನದು. 2022ರ ಹೊಸ ಕಾರಿನ ಗೇರ್‌ಬಾಕ್ಸ್ ಎಕ್ಸ್‌ಟ್ರ್ಯಾಕ್‌ನದು, ಅದೂ ಇಂಗ್ಲೆಂಡ್. ಬ್ರೇಕ್ ಎಪಿ ರೇಸಿಂಗ್. ಶಾಕ್ ಅಬ್ಸಾರ್ಬರ್ ಸ್ವೀಡನ್ನಿನ ಓಲಿನ್ಸ್. 2024ರಲ್ಲಿ ಷಿಕಾಗೊದಲ್ಲಿ ತೋರಿಸಿದ ಎಲೆಕ್ಟ್ರಿಕ್ ಮಾದರಿ ಕಾರಿನ ಮೂರು ಮೋಟರ್‌ಗಳೂ ಆಸ್ಟ್ರಿಯಾದ ಸ್ಟಾರ್ಡ್ ಕಂಪನಿಯವು. ಗೆಲ್ಲುವ ಕಾರಿನೊಳಗೆ ಇಷ್ಟೆಲ್ಲ ಇದ್ದರೂ ಗೆದ್ದವರ ಪಟ್ಟಿಯಲ್ಲಿ ಯುರೋಪಿನ ಹೆಸರು ಲಿಂಡನ್‌ಗೇ ನಿಂತಿದೆ.

ಡಾಡ್ಜ್ ಕತೆ ನೆನೆದರೆ ಹೊಟ್ಟೆ ಉರಿಯುತ್ತದೆ. ಡಾಡ್ಜ್ ಕ್ರೈಸ್ಲರ್‌ನ ಬ್ರ್ಯಾಂಡ್. 2001ರಲ್ಲಿ ಅದು ಕಪ್ ಸರಣಿಗೆ ಮರಳಿದಾಗ ಮಾಲೀಕರು ಜರ್ಮನಿಯ ಡೈಮ್ಲರ್‌ಕ್ರೈಸ್ಲರ್. ಮರುವರ್ಷವೇ ವಾರ್ಡ್ ಬರ್ಟನ್ ಡೇಟೋನಾ 500 ಗೆದ್ದರು. ಮುಂದೆ ಜರ್ಮನಿಯವರು ಹೋಗಿ ಇಟಲಿಯ ಫಿಯಟ್ ಬಂತು. 2012ರ ಮಧ್ಯದಲ್ಲಿ ವರ್ಷ ಮುಗಿದ ಮೇಲೆ ನಾವಿಲ್ಲ ಅಂದರು. ಅದೇ ನವೆಂಬರ್‌ನಲ್ಲಿ ಬ್ರಾಡ್ ಕೆಸೆಲೋಸ್ಕಿ ಡಾಡ್ಜ್ ಓಡಿಸಿಯೇ ಚಾಂಪಿಯನ್ ಆದರು. ಆ ಕಪ್ಪು ಹಿಡಿದುಕೊಂಡೇ ಡಾಡ್ಜ್ ಹೊರಟುಹೋಯಿತು.

ಟೊಯೋಟ ಹೇಗೆ ಬಂತು ನೋಡಿ. ಆ ಹೊತ್ತಿಗೆ ಅವರ ಯಾವ ರಸ್ತೆ ಕಾರಿನಲ್ಲೂ ಪುಶ್‌ರಾಡ್ ವಿ8 ಇರಲಿಲ್ಲ. ನ್ಯಾಸ್ಕಾರ್‌ಗಾಗಿಯೇ ಕಾಗದದಿಂದ ಶುರು ಮಾಡಿ ಎಂಜಿನ್ ಕಟ್ಟಿದರು. 2004ರಲ್ಲಿ ಟ್ರಕ್ ಸರಣಿ. 2007ರಲ್ಲಿ ಕಪ್. ಆ ಮೊದಲ ವರ್ಷ ಒಂದೂ ಗೆಲುವಿಲ್ಲ. ಬೈದವರೂ ಬಹಳ ಜನ. 2008ರ ಮಾರ್ಚಿನಲ್ಲಿ ಅಟ್ಲಾಂಟಾದಲ್ಲಿ ಕೈಲ್ ಬುಷ್ ಗೆದ್ದರು. ಲಿಂಡನ್ ಆಗಿ 54 ವರ್ಷಕ್ಕೆ ಹೊರದೇಶದ ಹೆಸರಿಗೆ ಸಿಕ್ಕ ಗೆಲುವು ಅದು. ಇವತ್ತು ಟೊಯೋಟವನ್ನು ಹೊರಗಿನವರು ಅಂತ ಕರೆಯುವವರು ಕಮ್ಮಿ. ಆ ಮನೆಯ ನಿಯಮ ಒಪ್ಪಿಕೊಂಡು, ಅದೇ ಎಂಜಿನ್ ತಾವೂ ಕಟ್ಟಿ, ಸೋತು, ಆಮೇಲೆ ಗೆದ್ದರು.

ಯುರೋಪಿನವರಿಗೆ ಯಾಕೆ ಆಗಲ್ಲ? ಮಾರದ ಎಂಜಿನ್‌ಗೆ ದುಡ್ಡು ಯಾಕೆ ಸುರಿಯಬೇಕು ಅಂತ ಕೇಳಬಹುದು. ಅವರ ಕಾರ್ಖಾನೆಗಳಿರುವುದೇ ನ್ಯಾಸ್ಕಾರ್‌ನ ಅಂಗಳದಲ್ಲಿ ಅಲ್ವಾ! ಮರ್ಸಿಡಿಸ್ ಅಲಬಾಮಾದ ವ್ಯಾನ್ಸ್‌ನಲ್ಲಿ ಕಾರು ಮಾಡುತ್ತದೆ, ಟಾಲಡೇಗಾ ಟ್ರ್ಯಾಕ್ ಇರುವುದು ಅದೇ ರಾಜ್ಯದಲ್ಲಿ. ಫೋಕ್ಸ್‌ವ್ಯಾಗನ್ ಟೆನೆಸಿಯ ಚಾಟನೂಗಾದಲ್ಲಿದೆ, ಬ್ರಿಸ್ಟಲ್ ಟ್ರ್ಯಾಕ್ ಕೂಡ ಟೆನೆಸಿಯದೇ. ಬಿಎಂಡಬ್ಲ್ಯು ಇರುವುದು ಸೌತ್ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್ ಪಕ್ಕ. ಸ್ಪಾರ್ಟನ್‌ಬರ್ಗ್ ಅಂದರೆ 105 ರೇಸ್ ಗೆದ್ದ ಡೇವಿಡ್ ಪಿಯರ್ಸನ್ ಅವರ ಊರು. ಅಲ್ಲಿ ಭಾನುವಾರ ರೇಸ್ ನೋಡಿ ಸೋಮವಾರ ಆ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರಿದ್ದಾರೆ. ತಾವು ಕಟ್ಟುವ ಕಾರು ಅದೇ ರಾಜ್ಯದ ಡಾರ್ಲಿಂಗ್ಟನ್ ಟ್ರ್ಯಾಕ್‌ನಲ್ಲಿ ಓಡಬೇಕು ಅಂತ ಅವರಿಗೆ ಆಸೆ ಇರಲ್ವಾ?

ಬರುವುದಾದರೆ ಕ್ಯಾಮ್ ಮೇಲೆ ತನ್ನಿ, ಹೈಬ್ರಿಡ್ ಮಾಡಿ ಅಂತ ನಿಯಮ ಬದಲಿಸುವ ಷರತ್ತು ಹಾಕಿ ಬರಬಾರದು. ಬೇರೆಯವರ ಎಂಜಿನ್ ಮೇಲೆ ತಮ್ಮ ಬ್ಯಾಡ್ಜ್ ಅಂಟಿಸಿಕೊಂಡೂ ಬರಬಾರದು. ಆ ಸೆಕೆಂಡಿಗೆ 75ರ ಲೆಕ್ಕವನ್ನು ಬ್ರಿಕ್ಸ್‌ವರ್ತ್‌ನಲ್ಲೋ ಮ್ಯೂನಿಕ್‌ನಲ್ಲೋ ಕೂತು ತಾವೇ ಬಿಡಿಸಬೇಕು. ಹಾಗೆ ಬಂದ ದಿನ ಅವರು ಸೋತರೂ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ಷಾರ್ಲಟ್ ಕಡೆ ಇರುವ ನಮ್ಮವರಿಗೆ ಒಂದು ಮಾತು. ಮೇ ತಿಂಗಳ 600 ಮೈಲಿ ರೇಸಿಗೆ ಯಾರಾದರೂ ಹೋದರೆ, ಎಲ್ಲ ಕಾರುಗಳೂ ಒಟ್ಟಿಗೆ ಸ್ಟಾರ್ಟ್ ಆಗುವ ಹೊತ್ತನ್ನು ರೆಕಾರ್ಡ್ ಮಾಡಿ ಕಳಿಸಿ. ಮುಖ ಕಾಣದಿದ್ದರೂ ಪರವಾಗಿಲ್ಲ, ಸದ್ದು ಸರಿಯಾಗಿ ಬರಲಿ. ಅಕ್ಕನ ಮಗನಿಗೆ ಒಳ್ಳೇ ಸ್ಪೀಕರ್ ಹಾಕಿ ಕೇಳಿಸಬೇಕು.