ಥರ್ಮೋಕೋಲ್ ಕಡಲೆಕಾಯಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ರಸ್ತೆಯ ಎರಡೂ ಕಡೆ ಗುಡ್ಡೆ ಗುಡ್ಡೆ ಕಾಯಿ. ಹಸಿಯದು, ಹುರಿದದ್ದು, ಬೇಯಿಸಿದ್ದು. ನನ್ನ ಮಗನ ಶಾಲೆ ಅಲ್ಲಿಂದ ಕೂಗಳತೆ ದೂರ. ಟ್ರಾಫಿಕ್ ಜಾಸ್ತಿ ಅಂತ ಅವತ್ತು ಶಾಲೆಗೆ ರಜೆ.

ಆದರೆ ಮಕ್ಕಳಿಗೆ ಸಂಸ್ಕೃತಿ ತಪ್ಪಬಾರದು ಅಲ್ವಾ? ಅದಕ್ಕೇ ಶನಿವಾರ ಶಾಲೆಯ ಎಸಿ ಆಡಿಟೋರಿಯಂನಲ್ಲೇ ಪರಿಷೆ. ತಲೆಗೆ 800 ರೂಪಾಯಿ. ಕಡಲೆಕಾಯಿ ಮಾತ್ರ ತರುವ ಹಾಗಿಲ್ಲ, ಅಲರ್ಜಿ ಆಗುತ್ತಂತೆ. ಥರ್ಮೋಕೋಲ್ ಕಾಯಿಗೆ ಬಣ್ಣ ಬಳಿದು ರಾಶಿ ಹಾಕಿದ್ದರು. ಮಗ ರೈತ. ಪಂಚೆ, ಟವೆಲ್, ಅಂಟಿಸುವ ಮೀಸೆ ಎಲ್ಲ ಗಾಂಧಿ ಬಜಾರ್‌ನಲ್ಲಿ ಬಾಡಿಗೆಗೆ ತಂದಿದ್ದು. ಮೀಸೆಗೆ ಅಡ್ವಾನ್ಸ್ ಬೇರೆ.

ಮನೆಯ ಹಿರಿಯರು ಬಂದು ಅನುಭವ ಹೇಳಬೇಕು ಅಂತ ಸರ್ಕ್ಯುಲರ್ ಬಂದಿತ್ತು. ನಮ್ಮಮ್ಮ ಚಿಂತಾಮಣಿ ಕಡೆಯವರು, ಹೊಲದಲ್ಲಿ ಕಾಯಿ ಕಿತ್ತವರು. ಖುಷಿಯಿಂದಲೇ ಹೊರಟರು. ಕಾರಿಡಾರ್ ತುಂಬ 'ಇಂಗ್ಲಿಷ್ ಮಾತ್ರ' ಅನ್ನೋ ಬೋರ್ಡು. (2015ರ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆ. ಶಾಲೆ ಕಾಯ್ದೆ ಮೀರಿಲ್ಲ. ನಲವತ್ತು ನಿಮಿಷದ ಪೀರಿಯಡ್ ಇದೆ. ಗಂಟೆ ಹೊಡೆದ ಮೇಲೆ ಕನ್ನಡ ಮಾತಾಡಿದರೆ ಡೈರಿಯಲ್ಲಿ ನೋಟ್ ಬರುತ್ತೆ, ಅಷ್ಟೇ.)

ಅಮ್ಮ ಮೈಕ್ ಹಿಡಿದು ಐದು ನಿಮಿಷ ಹೇಳಿದರು. ಗಿಡದ ಮೇಲೆ ಹಳದಿ ಹೂ ಬಿಡೋದು, ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಕೆಳಗಿಳಿದು ಮಣ್ಣಿಗೆ ಚುಚ್ಚಿಕೊಳ್ಳೋದು, ಒಳಗೇ ಅದು ಕಾಯಿ ಕಟ್ಟೋದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮಿಸ್ ಅಷ್ಟನ್ನೂ ಇಂಗ್ಲಿಷ್‌ಗೆ ತಂದರು: "ಗ್ರ್ಯಾಂಡ್‌ಮಾ ಸೇಸ್ ಪೀನಟ್ಸ್ ಆರ್ ವೆರಿ ಹೆಲ್ದಿ!" ಎಲ್ಲರೂ ಚಪ್ಪಾಳೆ.

ಆಮೇಲೆ ವರ್ಕ್‌ಶೀಟ್. ಕಡಲೆಕಾಯಿ ಗಿಡದ ಯಾವ ಭಾಗ? ಬೇರೋ, ಕಾಂಡವೋ, ಹಣ್ಣೋ? ಅಜ್ಜಿಯ ಮಾತು ನಂಬಿದ ಮಗ 'ಫ್ರೂಟ್' ಅಂತ ಟಿಕ್ ಹಾಕಿದ. ಕೆಂಪು ಇಂಟು ಬಿತ್ತು. ನೆಲದೊಳಗೆ ಇರೋದೆಲ್ಲ ಬೇರು ಅಂತ ಆನ್ಸರ್ ಕೀಯಲ್ಲಿತ್ತು. "ಮತ್ತೆ ಅಜ್ಜಿ ಹೇಳಿದ್ದು?" ಅಂತ ಕೇಳಿದೆ. "ಸರ್, ಅದು ಕಲ್ಚರಲ್ ಪ್ರೋಗ್ರಾಂ. ಇದು ಸೈನ್ಸ್" ಅಂದರು ಮಿಸ್. ಪಾಪ, ಅವರಿಗಾದರೂ ಆನ್ಸರ್ ಕೀ ಬರೋದು ಮೇಲಿಂದಲೇ.

ಹೊರಗೆ ಬಂದರೆ, ಪರಿಷೆ ಮುಗಿದರೂ ಮಾಲು ಮುಗಿಯದ ಒಬ್ಬ ಗೇಟಿನ ಪಕ್ಕ ಚೀಲ ಬಿಚ್ಚಿ ಕೂತಿದ್ದ. ಜೀನ್ಸ್, ಟೀ ಶರ್ಟು. ಒಳಗೆ ಪರಿಷೆ ನಡೀತಿದೆ, ಜರುಗು ಅಂತ ಸೆಕ್ಯೂರಿಟಿ ಗದರಿಸುತ್ತಿದ್ದ. ಅಮ್ಮ ಕೂತುಕೊಂಡು ಒಂದು ಕಾಯಿ ಒಡೆದು ನೋಡಿ, "ಯಾವೂರಪ್ಪ? ನಿಮ್ಮದೇ ಹೊಲದ್ದಾ?" ಅಂದರು.

"ಮಾಗಡಿ ಕಣಮ್ಮ. ನಮ್ಮದೇ."

ಮಗ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸುಳ್ಳು ಅಜ್ಜಿ. ಇವರು ರೈತ ಅಲ್ಲ. ಮೀಸೆನೇ ಇಲ್ಲ!"

ಅವನು ನಕ್ಕುಬಿಟ್ಟ. ಒಂದು ಸೇರು ಅಳೆದು, ಮೇಲೆ ಒಂದು ಹಿಡಿ ಕೊಸರು ಹಾಕಿ, "ತಗೊಳ್ಳಪ್ಪ ರೈತ" ಅಂದ.