ಕೈ ನನ್ನ ತಮ್ಮಂದು, ಡಾಕ್ಟರ್ ಮಾತಾಡೋದು ಕಂಪನಿ ಜೊತೆ!

ಪೇಷಂಟ್ ಹೊರಗೆ ಟೋಕನ್ ಹಿಡಿದು ನಿಂತಿರುತ್ತಾನೆ. ಒಳಗೆ ಅವನ ಎಕ್ಸ್‌-ರೇ ಮುಂದಿಟ್ಟುಕೊಂಡು ಡಾಕ್ಟರು ಕಂಪನಿ ಸೂಪರ್‌ವೈಸರ್ ಜೊತೆ ಮಾತಾಡುತ್ತಿರುತ್ತಾರೆ. ಬಾಗಿಲು ಬೇರೆ ಹಾಕಿರುತ್ತೆ. ಇದು ಯಾವ ಸೀಮೆ ನ್ಯಾಯ ಸ್ವಾಮಿ?

ನನ್ನ ತಮ್ಮ ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಪವರ್ ಪ್ರೆಸ್ (ತಗಡು ಒತ್ತೋ ಮಷಿನ್) ಓಡಿಸುತ್ತಿದ್ದ. ಹತ್ತು ಜನರೂ ಇಲ್ಲದ ಜಾಗ, ಹಾಗಾಗಿ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆ, ಇಲ್ಲ. 2024ರಲ್ಲಿ ಬಲಗೈ ಪ್ರೆಸ್‌ಗೆ ಸಿಕ್ಕಿತು. ತೋರುಬೆರಳಿನ ಎರಡು ಗೆಣ್ಣು ಹೋಯಿತು. ಪಕ್ಕದ ಬೆರಳುಗಳ ಟೆಂಡನ್, ಅಂದರೆ ಬೆರಳು ಮಡಚೋ ಸ್ನಾಯುವಿನ ಎಳೆ, ಕೂಡ ಹರಿದಿತ್ತು. ಆಗ ಅವನಿಗೆ 30 ವರ್ಷ.

ಮೋಸ ಶುರುವಾಗಿದ್ದು ಕ್ಯಾಶುವಾಲ್ಟಿಯಲ್ಲೇ. ಕರೆದುಕೊಂಡು ಬಂದ ಸೂಪರ್‌ವೈಸರ್ ಹೇಳಿದ್ದನ್ನೇ ಕೇಸ್ ಶೀಟ್‌ನಲ್ಲಿ ಬರೆದುಕೊಂಡಿದ್ದಾರೆ: ಬೈಕ್ ಚೈನ್‌ಗೆ ಕೈ ಸಿಕ್ಕಿ ಗಾಯ! ಹುಡುಗ ಯೂನಿಫಾರ್ಮ್‌ನಲ್ಲೇ ಇದ್ದ. ತಗಡಿನ ಚೂರು ಇನ್ನೂ ತೋಳಿಗೆ ಅಂಟಿಕೊಂಡಿತ್ತು. ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. "ಏನಪ್ಪಾ ಆಯ್ತು?" ಅಂತ ಅವನನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ? ಆ ಒಂದು ಸಾಲು ಸರಿ ಮಾಡಿಸೋಕೆ ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಇವತ್ತಿಗೂ ನಾವು ಹಾಕಿದ ಪರಿಹಾರದ ಕೇಸಿನಲ್ಲಿ ಇನ್ಶೂರೆನ್ಸ್ ಲಾಯರ್ ಅದನ್ನೇ ಎತ್ತಿ ತೋರಿಸುತ್ತಾನೆ.

ಆಮೇಲೆ ಈ ಗುಟ್ಟಿನ ಮೀಟಿಂಗ್‌ಗಳು. ಪ್ರತಿ ಸಲ ಡ್ರೆಸ್ಸಿಂಗ್‌ಗೆ ಹೋದಾಗಲೂ ಸೂಪರ್‌ವೈಸರ್ ನಮಗಿಂತ ಮೊದಲು ಒಳಗೆ. ನಾವಿನ್ನೂ ನೋಡಿರದ ಎಕ್ಸ್‌-ರೇ ಫೋಟೋ ಅವನ ವಾಟ್ಸಾಪ್‌ನಲ್ಲಿ. ಒಂದು ದಿನ ಚೀಟಿ ಕೈಗೆ ಬಂತು, 'ಫಿಟ್ ಫಾರ್ ಡ್ಯೂಟಿ' ಅಂತ. ತಮ್ಮನಿಗೆ ಅವತ್ತು ಶರ್ಟಿನ ಗುಂಡಿ ಹಾಕಿಕೊಳ್ಳೋಕೂ ಆಗುತ್ತಿರಲಿಲ್ಲ, ನಾನೇ ಹಾಕಿ ಕರೆದುಕೊಂಡು ಹೋಗಿದ್ದೆ. ಇವನು ಪ್ರೆಸ್ ಓಡಿಸುತ್ತಾನಂತೆ!

ಆ ಚೀಟಿಯ ಬೆಲೆ ಎಷ್ಟು ಗೊತ್ತಾ? ನಮ್ಮ ಕೇಸು ಹಾಕಿದ್ದು ಅಪಘಾತ ಆದಾಗ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಡಿ. ತೋರುಬೆರಳಿನ ಎರಡು ಗೆಣ್ಣಿಗೆ ಕಾಯ್ದೆಯ ಪಟ್ಟಿಯಲ್ಲೇ 11 ಪರ್ಸೆಂಟ್ ದುಡಿಮೆ ನಷ್ಟ ಅಂತ ಬರೆದಿದೆ. ಅದಕ್ಕೆ ಯಾರ ದಯೆಯೂ ಬೇಡ. ಆದರೆ ಮಡಚೋಕಾಗದ ಬೆರಳು ಆ ಪಟ್ಟಿಯಲ್ಲಿಲ್ಲ. ಅದರಿಂದ ದುಡಿಮೆ ಎಷ್ಟು ಕಡಿಮೆಯಾಯಿತು ಅನ್ನೋದನ್ನ ಡಾಕ್ಟರೇ ಅಂದಾಜು ಮಾಡಿ ಹೇಳಬೇಕು. ಲೆಕ್ಕಕ್ಕೆ ಹಿಡಿಯೋ ಸಂಬಳ ತಿಂಗಳಿಗೆ ಜಾಸ್ತಿ ಅಂದರೆ 15,000. ಅದರ ಶೇಕಡಾ 60ನ್ನು 30ರ ವಯಸ್ಸಿಗೆ ಕಾಯ್ದೆಯಲ್ಲಿ ಕೊಟ್ಟಿರೋ 207.98 ಅನ್ನೋ ಅಂಕಿಯಿಂದ ಗುಣಿಸಬೇಕು. ಅದರಲ್ಲಿ 11 ಪರ್ಸೆಂಟ್ ಆದರೆ ಸುಮಾರು 2 ಲಕ್ಷ. ಒಟ್ಟು 30 ಅಂತಾದರೆ ಐದೂವರೆ ಲಕ್ಷ ದಾಟುತ್ತೆ. ಬಾಗಿಲು ಹಾಕಿಕೊಂಡು ಏನು ಮಾತಾಡುತ್ತಿದ್ದರು ಅನ್ನೋದು ಇನ್ನೂ ಬಿಡಿಸಿ ಹೇಳಬೇಕಾ?

ಕಂಪನಿಗೂ ಹಕ್ಕಿದೆ, ಇಲ್ಲ ಅನ್ನಲ್ಲ. ಅಪಘಾತದ ನೋಟಿಸ್ ಸಿಕ್ಕ 3 ದಿನದೊಳಗೆ ತಮ್ಮ ಖರ್ಚಿನಲ್ಲಿ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸುತ್ತೇವೆ ಅಂದರೆ ಕಾರ್ಮಿಕ ಹೋಗಲೇಬೇಕು. ಅದೇ ಕಾಯ್ದೆಯ 11ನೇ ಸೆಕ್ಷನ್. ಮುಂಬಾಗಿಲು ಇಷ್ಟು ಅಗಲವಾಗಿ ತೆರೆದಿರುವಾಗ ಹಿತ್ತಲಿಂದ ನುಗ್ಗೋದು ಯಾಕೆ? ಏನು ಕೇಳಬೇಕೋ ಕಾಗದದಲ್ಲಿ ಕೇಳಲಿ, ಒಂದು ಕಾಪಿ ನಮಗೂ ಕೊಡಲಿ. ಡಾಕ್ಟರೂ ಹಾಗೇ ಉತ್ತರ ಬರೆಯಲಿ. ಪೇಷಂಟ್ ಗುಟ್ಟು ಹೊರಗೆ ಬಿಡಬಾರದು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮದಲ್ಲಿದೆ. ಕೋರ್ಟ್ ಜಡ್ಜ್ ಆದೇಶ ಮಾಡಿದರೆ ಹೇಳಬಹುದು, ಇನ್ನೊಬ್ಬರ ಜೀವಕ್ಕೆ ಅಪಾಯ ಅಂದರೆ ಹೇಳಬಹುದು, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಆದರೆ ಹೇಳಬಹುದು. ಆಸ್ಪತ್ರೆ ಬಿಲ್ ಕಟ್ಟಿದ ಸೂಪರ್‌ವೈಸರ್ ಇದರಲ್ಲಿ ಎಲ್ಲಿ ಬರುತ್ತಾನೆ?

ನಮ್ಮ ಕಡೆಯವರೇನು ಹರಿಶ್ಚಂದ್ರರಾ? ಕೋರ್ಟ್ ಹತ್ತಿರ ಒಬ್ಬ ಏಜೆಂಟ್ ಬೆನ್ನು ಬಿದ್ದ. "ಅಕ್ಕ, 60 ಪರ್ಸೆಂಟ್ ಬರೆಯೋ ಡಾಕ್ಟರ್ ಇದ್ದಾರೆ, ಫೀಸ್ ಬೇರೆ ಆಗುತ್ತೆ." ಆ ಡಾಕ್ಟರ್ ತಮ್ಮನ ಮುಖವನ್ನೂ ನೋಡಿಲ್ಲ! ಇಂಥ ರೆಡಿಮೇಡ್ ಸರ್ಟಿಫಿಕೇಟ್ ಬಗ್ಗೆ ಹುಷಾರಾಗಿರಿ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ರಾಜ್ ಕುಮಾರ್ – ಅಜಯ್ ಕುಮಾರ್ ಕೇಸಿನಲ್ಲಿ ಹೇಳಿದೆ. ಅದು ರಸ್ತೆ ಅಪಘಾತದ ಕೇಸು, ಆದರೆ ರೋಗ ಒಂದೇ. ಚಿಕಿತ್ಸೆ ಕೊಟ್ಟ ಡಾಕ್ಟರು ಸಾಕ್ಷಿ ಹೇಳೋಕೆ ಹಿಂಜರಿಯುತ್ತಾರೆ, ಅವರನ್ನು ಸುಮ್ನೆ ಕಾಯಿಸಬೇಡಿ ಅಂತಲೂ ಅದೇ ತೀರ್ಪಿನಲ್ಲಿದೆ.

ನಮ್ಮ ಡಾಕ್ಟರಿಗೂ ಸಮನ್ಸ್ ಹೋಯಿತು. "ನನ್ನನ್ನ ಯಾಕೆ ಎಳೀತೀರಮ್ಮಾ? ಓನರ್ ಒಳ್ಳೆಯವರು, ಕಾಂಪ್ರಮೈಸ್ ಮಾಡ್ಕೊಳ್ಳಿ" ಅಂದರು. ಇವರಿಗೆ ಓನರ್ ಒಳ್ಳೆಯವರು ಅಂತ ಹೇಗೆ ಗೊತ್ತಾಯಿತೋ!

ಸರಿ, ದಾಖಲೆನಾದರೂ ಕೊಡಿ ಅಂತ ತಮ್ಮನೇ ಎಡಗೈಯಲ್ಲಿ ಸಹಿ ಮಾಡಿ ಅರ್ಜಿ ಕೊಟ್ಟ. ಪೇಷಂಟ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ಅದೂ ಆ 2002ರ ನಿಯಮವೇ. ಕೌಂಟರ್‌ನಲ್ಲಿದ್ದ ಹುಡುಗಿ ಅರ್ಜಿ ಓದಿ, ತಲೆ ಎತ್ತದೆ ಹೇಳಿದಳು: "ಕಂಪನಿಯಿಂದ ಲೆಟರ್ ತನ್ನಿ."

ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದ್ದೇವೆ. ಅದಕ್ಕೂ ಕೊಡದಿದ್ದರೆ ದೂರು ನೇರ ಮೆಡಿಕಲ್ ಕೌನ್ಸಿಲ್‌ಗೆ.